ಮಗಳ ಹಳೇ ಸೈಕಲ್ಲೋ, ಹೊಸ ಗೇರ್ ಸೈಕಲ್ಲೋ?

ಪ್ರಶ್ನೆ: ಶರಣ್ರಿ. ಮನಿ ಕಲಬುರಗಿ ಜೇವರ್ಗಿ ರಸ್ತಾ ಕಡಿ ಅದ, ಕೆಲಸ ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ. ದಾಲ್ ಮಿಲ್ಲಿನಾಗ ಲೆಕ್ಕ ಬರೀತೀನಿ, ಮುಂಜಾನಿ 9ರಿಂದ ಸಂಜಿ 6ರ ತನಕ. ಒಂದು ಕಡಿಗಿ 8 ಕಿಲೋಮೀಟರ್ ಆಗ್ತದ. ಪೆಟ್ರೋಲ್ ನೂರು ದಾಟಿ ಕುಂತದ, ಗಾಡಿ ಬಿಟ್ಟು ಸೈಕಲ್ ಮ್ಯಾಲ ಹೋಗ್ಬೇಕಂತ ಮಾಡೀನಿ. ಮಗಳಿಗಿ ಎಂಟನೇತ್ತದಾಗ ಸರ್ಕಾರದಿಂದ ಬಂದ ಸೈಕಲ್ ವರ್ಷಗಟ್ಲೆ ಗ್ವಾಡಿಗಿ ಹಚ್ಚಿ ನಿಂತದ, ಟೈರ್ ಮ್ಯಾಲ 26 × 1⅜ ಅಂತ ಅದ. ಅದನ್ನೇ ರಿಪೇರಿ ಮಾಡಿಸ್ಲೋ, ಹೊಸ ಗೇರ್ ಸೈಕಲ್ ತಗೊಳ್ಲೋ? ನನಗ 46 ವರ್ಷ, ತೂಕ 78 ಕೆ.ಜಿ., ಎತ್ತರ ಐದು ಅಡಿ ಏಳು ಇಂಚು. ಮೆಟ್ಟಲ ಹತ್ತೋ ಮುಂದ ಮಳಕಾಲ ನೋಯ್ತಾವ. ಬ್ಯಾಸಗಿಯಾಗ ಏನ್ ಮಾಡಬೇಕು?

ಉತ್ತರ: ಮಗಳ ಸೈಕಲ್ಲನ್ನೇ ರಿಪೇರಿ ಮಾಡಿಸಿ. ಹೊಸ ಗೇರ್ ಸೈಕಲ್ಲಿನ ಮಾತು ಆರು ತಿಂಗಳು ಬಿಟ್ಟು ನೋಡೋಣ.

ಮೊದಲು ಲೆಕ್ಕ, ಅದು ನಿಮ್ಮದೇ ಕಸುಬು. ದಿನಕ್ಕೆ 16 ಕಿಲೋಮೀಟರು, ತಿಂಗಳಿಗೆ 25 ದಿನ ಅಂದರೆ 400 ಕಿಲೋಮೀಟರು. ಗಾಡಿ ಊರೊಳಗೆ ಲೀಟರಿಗೆ 45 ಕೊಟ್ಟರೆ ಹತ್ತಿರ ಹತ್ತಿರ 9 ಲೀಟರು, ಅಂದರೆ 900 ರೂಪಾಯಿಯ ಮೇಲೆ. ಎಂಟು-ಹತ್ತು ಸಾವಿರದ ಗೇರ್ ಸೈಕಲ್ ಕೊಂಡರೆ ಆ ದುಡ್ಡು ಮರಳಲು ಹತ್ತು ಹನ್ನೊಂದು ತಿಂಗಳು ಬೇಕು. ಹಳೆಯದಕ್ಕೆ ಟೈರು, ಟ್ಯೂಬು, ಚೈನು, ಬ್ರೇಕ್ ರಬ್ಬರು, ಕೂಲಿ ಎಲ್ಲ ಸೇರಿ ಅಂದಾಜು ಮೂರು ಸಾವಿರ ಹಿಡಿಯಿರಿ. ನಾಲ್ಕನೇ ತಿಂಗಳಿನಿಂದ ಉಳಿತಾಯವೇ. ಅಷ್ಟೇ ಅಲ್ಲ, ಆ ಬೆಲೆಯ ಗೇರ್ ಸೈಕಲ್ಲುಗಳಲ್ಲಿ ಬರುವ ಸ್ಪ್ರಿಂಗ್ ಫೋರ್ಕು ಮತ್ತು ದಪ್ಪ ಗುಬುಟಿನ ಟೈರು ನಿಮ್ಮ ದಾರಿಗೆ ಹೊರೆ. ಸೈಕಲ್ ಭಾರವಾಗುತ್ತದೆ, ಜೋರಾಗಿ ತುಳಿದಾಗ ಸ್ಪ್ರಿಂಗು ಕುಕ್ಕುತ್ತದೆ, ಡಾಂಬರಿನ ಮೇಲೆ ಟೈರು ಗುರ್ರೆನ್ನುತ್ತ ನಿಮ್ಮ ಶಕ್ತಿಯನ್ನೇ ತಿನ್ನುತ್ತದೆ. ಕಲಬುರಗಿಯಂಥ ಬಯಲು ಊರಿಗೆ ಅದು ಬೇಕಿಲ್ಲ.

2006-07ರಲ್ಲಿ ಶುರುವಾದ ಆ ಯೋಜನೆಯ ಸೈಕಲ್ಲುಗಳು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೀಗೇ ನಿಂತಿವೆ. ಹೆಣ್ಣುಮಕ್ಕಳ ಸೈಕಲ್ಲು ಎಂದು ಸಂಕೋಚ ಬೇಡ. ನಡುವೆ ಅಡ್ಡ ಪೈಪು ಇಲ್ಲದ್ದರಿಂದ ಕಾಲು ಎತ್ತಿ ಹಾಕುವ ಕೆಲಸವಿಲ್ಲ, ನೋಯುವ ಮೊಣಕಾಲಿಗೆ ಅದೇ ಅನುಕೂಲ.

ಆದರೆ ಒಂದು ರೂಪಾಯಿ ಖರ್ಚು ಮಾಡುವ ಮೊದಲು ಫ್ರೇಮು ನೋಡಿ. ಹ್ಯಾಂಡಲ್ ಹೊಕ್ಕ ಪೈಪಿನ ಕೆಳಗೆ, ಪೆಡಲಿನ ಎಕ್ಸೆಲ್ ಕೂತ ಗುಬ್ಬೆಯ ಸುತ್ತ ಬಣ್ಣ ಗೆರೆಯಾಗಿ ಒಡೆದಿದೆಯೇ? ಒಡೆದಿದ್ದರೆ ಬಟ್ಟೆಯಿಂದ ಒರೆಸಿ, ಉಗುರಾಡಿಸಿ. ಉಗುರು ಸಿಕ್ಕಿಕೊಂಡರೆ ಅದು ಬಿರುಕು. ಆ ಫ್ರೇಮು ಗುಜರಿಗೆ. ಬಿರುಕಿಲ್ಲ ಅಂದರೆ ದಾರದ ಪರೀಕ್ಷೆ ಮಾಡಿ. ಹಿಂದಿನ ಚಕ್ರದ ಎಡ ನಟ್ಟಿಗೆ ದಾರ ಕಟ್ಟಿ, ಹ್ಯಾಂಡಲ್ ಪೈಪಿನ ಮುಂದಿನಿಂದ ಸುತ್ತಿಸಿ ಬಲ ನಟ್ಟಿಗೆ ತಂದು ಬಿಗಿಯಾಗಿ ಕಟ್ಟಿ. ಸೀಟಿನ ಪೈಪಿಗೂ ದಾರಕ್ಕೂ ನಡುವಿನ ಅಂತರ ಎಡಕ್ಕೂ ಬಲಕ್ಕೂ ಒಂದೇ ಇರಬೇಕು. 3 ಮಿಲಿಮೀಟರಿನ ತನಕ ಹೆಚ್ಚು ಕಡಿಮೆ ನಡೆಯುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಫ್ರೇಮು ಸೊಟ್ಟಗಾಗಿದೆ, ಎಷ್ಟು ರಿಪೇರಿ ಮಾಡಿಸಿದರೂ ಒಂದು ಕಡೆ ಎಳೆಯುತ್ತಲೇ ಇರುತ್ತದೆ. ಮೇಲೆ ಮೇಲಿನ ತುಕ್ಕಿಗೆ ಹೆದರಬೇಡಿ.

ವರ್ಷಗಟ್ಟಲೆ ನಿಂತ ಟೈರು-ಟ್ಯೂಬನ್ನು ಮಾತ್ರ ಉಳಿಸಲು ಹೋಗಬೇಡಿ. ಗುಬುಟು ಹೊಸದರ ಹಾಗೇ ಕಂಡರೂ ಪಕ್ಕದ ಗೋಡೆ ಬೆರಳಲ್ಲಿ ಮಡಚಿದರೆ ಸಣ್ಣ ಸಣ್ಣ ಬಿರುಕು ಬಾಯಿ ಬಿಡುತ್ತವೆ. ನಮ್ಮ ಬಿಸಿಲಿಗೆ ರಬ್ಬರು ಒಣಗಿಹೋಗಿರುತ್ತದೆ. ಹೊಸದು ತರುವಾಗ ಅಂಗಡಿಯಲ್ಲಿ ‘26ರ ಟೈರ್ ಕೊಡ್ರಿ’ ಎಂದಷ್ಟೇ ಹೇಳಿದರೆ ಮೋಸವಾಗುತ್ತದೆ. 26 × 1⅜ ಬೇರೆ, 26 × 1.95 ಬೇರೆ, 26 × 1½ ಇನ್ನೂ ಬೇರೆ. ಮೊದಲನೆಯದು ಕೂರುವ ರಿಮ್ಮಿನ ಅಳತೆ 590 ಮಿಲಿಮೀಟರು, ಎರಡನೆಯದು 559, ಮೂರನೆಯದು 584. ಹೆಸರಿಗೆ ಮೂರೂ 26, ಒಂದರ ಟೈರು ಇನ್ನೊಂದರ ರಿಮ್ಮಿಗೆ ಕೂರುವುದಿಲ್ಲ. ಹಳೇ ಟೈರನ್ನೇ ಕೈಯಲ್ಲಿ ಹಿಡಿದು ಹೋಗಿ. ರಿಮ್ಮಿನ ಒಳಗೆ ಕಡ್ಡಿಗಳ ತಲೆ ಮುಚ್ಚುವ ರಬ್ಬರ್ ಪಟ್ಟಿಯನ್ನೂ ಹೊಸದಾಗಿ ಹಾಕಿಸಿ. ಹಳೆಯದು ಹರಿದಿದ್ದರೆ ಕಡ್ಡಿಯ ತುದಿಯೇ ಟ್ಯೂಬು ಚುಚ್ಚುತ್ತದೆ.

ಹವಾ: ನಿಮ್ಮ ತೂಕಕ್ಕೆ ಹಿಂದೆ 50 ಪಿಎಸ್ಐ (ಹವಾದ ಒತ್ತಡದ ಅಳತೆ), ಮುಂದೆ 40-45. ಟೈರಿನ ಪಕ್ಕದಲ್ಲಿ ಅಚ್ಚಾದ ಮಿತಿ ಇದಕ್ಕಿಂತ ಕಡಿಮೆ ಇದ್ದರೆ ಆ ಮಿತಿಯೇ ಕೊನೆ. ಕಂಪ್ರೆಸರಿನಲ್ಲಿ ಹೊಡೆಸುವುದಾದರೆ ಮೀಟರು ನೋಡಿಕೊಂಡು ಹೊಡೆಸಿ. ಸೈಕಲ್ ಟ್ಯೂಬು ಚಿಕ್ಕದು, ಎರಡೇ ಸೆಕೆಂಡಿಗೆ ತುಂಬಿ ಹಾರಿಹೋಗುತ್ತದೆ. ವಾರಕ್ಕೊಮ್ಮೆ ಹವಾ ನೋಡಲೇಬೇಕು. ಕಡಿಮೆ ಹವಾ ಅಂದರೆ ಹೆಚ್ಚು ತುಳಿತ, ಹೆಚ್ಚು ಮೊಣಕಾಲು ನೋವು.

ದಿನಾ ಮುಂಜಾನೆ ಅರ್ಧ ಹವಾ ಇಳಿದಿರುತ್ತದೆ, ನೀರಲ್ಲಿ ಮುಳುಗಿಸಿದರೆ ತೂತು ಕಾಣುವುದಿಲ್ಲ ಎಂಬ ದೂರು ಬೇಸಿಗೆಯಲ್ಲಿ ಸಾಮಾನ್ಯ. ತಪ್ಪು ಟ್ಯೂಬಿನದಲ್ಲ, ಹವಾ ಹೊಡೆಯುವ ವಾಲ್‌ನದು. ವಾಲ್‌ನ ನಟ್ಟು ಬಿಚ್ಚಿ ಒಳಗಿನ ಕಡ್ಡಿ ಎಳೆದರೆ ಅದರ ಮೇಲೆ ತೆಳ್ಳನೆಯ ರಬ್ಬರ್ ನಳಿಕೆ ಕಾಣುತ್ತದೆ. ಬಿಸಿಲಿಗೆ ಅದು ಅಂಟಂಟಾಗಿ, ಪಕ್ಕದ ತೂತಿನ ಹತ್ತಿರ ಸೀಳಿರುತ್ತದೆ. ಹೊಸ ನಳಿಕೆಗೆ ಉಗುಳು ಹಚ್ಚಿ ತೂತು ದಾಟುವವರೆಗೆ ಏರಿಸಿ, ಮತ್ತೆ ಕೂಡಿಸಿ. ಒಂದೆರಡು ರೂಪಾಯಿಯ ಕೆಲಸ. ನಾಲ್ಕು ತುಂಡು ಸೀಟಿನ ಕೆಳಗೆ ಕಟ್ಟಿಡಿ. ‘ಬಿಸಿಲಿಗೆ ಟ್ಯೂಬ್ ಒಡೀತದ’ ಅನ್ನುವುದು ಪೂರ್ತಿ ನಿಜವಲ್ಲ. ಮುಂಜಾನೆ 25 ಡಿಗ್ರಿಯಲ್ಲಿ 50 ಹೊಡೆದ ಹವಾ, ಟೈರು 60 ಡಿಗ್ರಿ ಕಾದರೂ 58ರ ಹತ್ತಿರ ಹೋಗುತ್ತದೆ ಅಷ್ಟೇ. ಗಟ್ಟಿ ಟೈರು ತಡೆಯುತ್ತದೆ. ಹಳೇ ಪಂಚರಿನ ಪಟ್ಟಿಯ ಅಂಟು ಬಿಡುವುದು, ಸೀಳಿದ ಗೋಡೆ ಉಬ್ಬುವುದು, ಇವು ಒಡೆಯುವ ಕಾರಣ. ಆದ್ದರಿಂದ ಏಪ್ರಿಲ್-ಮೇನಲ್ಲಿ 5 ಕಡಿಮೆ ಹೊಡೆಸಿ, ಮಿಲ್ಲಿನಲ್ಲಿ ನೆರಳಿಗೆ ನಿಲ್ಲಿಸಿ.

ನಮ್ಮ ಭಾಗದ ಪಂಚರಿಗೆ ದೊಡ್ಡ ಕಾರಣ ಬಳ್ಳಾರಿ ಜಾಲಿ. ರಸ್ತೆ ಬದಿ ಜಾಲಿ ಕಡಿದ ಮೇಲೆ ಟೊಂಗೆ ತೆಗೆದರೂ ಮುಳ್ಳು ಅಲ್ಲೇ ಉದುರಿರುತ್ತದೆ. ಅದು ಟೈರಿಗೆ ಚುಚ್ಚಿ ಹೊರಗೆ ಮುರಿದುಕೊಳ್ಳುತ್ತದೆ, ತುದಿ ಒಳಗೇ ಉಳಿಯುತ್ತದೆ. ಟ್ಯೂಬಿಗೆ ಪಟ್ಟಿ ಹಚ್ಚಿ ಹಾಗೇ ಕೂಡಿಸಿದರೆ ಒಂದು ಕಿಲೋಮೀಟರಿಗೆ ಮತ್ತೆ ಪಂಚರು. ‘ಪಟ್ಟಿ ಸರಿ ಹಚ್ಚಿಲ್ಲ’ ಎಂದು ಅಂಗಡಿಯವನ ಮೇಲೆ ಸಿಟ್ಟು. ಟೈರಿನ ಒಳಗೆ ಹಳೇ ದಸ್ತಿಯನ್ನು ಮೆಲ್ಲಗೆ ಸುತ್ತಲೂ ಎಳೆಸಿ. ಎಲ್ಲಿ ದಾರ ಸಿಕ್ಕಿಕೊಂಡಿತೋ ಅಲ್ಲಿ ಮುಳ್ಳು. ಕೈ ಬೆರಳು ಹಾಕಬೇಡಿ. ಇನ್ನೊಂದು ಉಪಾಯ: ಟೈರಿನ ಮೇಲಿನ ಕಂಪನಿ ಹೆಸರು ಯಾವಾಗಲೂ ವಾಲ್‌ನ ಎದುರಿಗೇ ಬರುವಂತೆ ಕೂಡಿಸಿ. ಟ್ಯೂಬಿನಲ್ಲಿ ತೂತು ವಾಲ್‌ನಿಂದ ಎಷ್ಟು ಗೇಣು ದೂರ ಇದೆಯೋ ಟೈರಿನಲ್ಲೂ ಅಷ್ಟೇ ದೂರ ಹುಡುಕಿದರೆ ಸಾಕು. ತೂತು ಇರುವ ಜಾಗವೇ ಕಾರಣ ಹೇಳುತ್ತದೆ. ಹೊರಮೈಯಲ್ಲಿ ಒಂದು ತೂತಿದ್ದರೆ ಮುಳ್ಳು. ಒಳಮೈಯಲ್ಲಿದ್ದರೆ ಕಡ್ಡಿ. ಅಕ್ಕಪಕ್ಕ ಎರಡಿದ್ದರೆ ಹವಾ ಕಡಿಮೆಯಿದ್ದಾಗ ತೆಗ್ಗಿಗೆ ಬಿದ್ದು ರಿಮ್ಮು ಕಚ್ಚಿದ್ದು. ಪಟ್ಟಿ ಹಚ್ಚುವಾಗ ಸಲ್ಯೂಷನ್ ತೆಳ್ಳಗೆ ಸವರಿ, ನಾಲ್ಕೈದು ನಿಮಿಷ ಒಣಗಲು ಬಿಟ್ಟು, ಬೆರಳಿಗೆ ಒದ್ದೆ ತಾಗದಂತಾದ ಮೇಲೆ ಒತ್ತಬೇಕು. ಹಸಿಯಾಗಿ ಹಚ್ಚಿದ ಪಟ್ಟಿ ಬೇಸಿಗೆಯಲ್ಲಿ ಮೊದಲು ಜಾರುತ್ತದೆ. ಟೈರಿನೊಳಗೆ ಹಳೇ ಟ್ಯೂಬು ಸೀಳಿ ಹಾಸಿದರೆ ನೆಗ್ಗಿನ ಮುಳ್ಳು ತಡೆಯುತ್ತದೆ. ಜಾಲಿ ಮುಳ್ಳು ಉದ್ದ, ಅದನ್ನು ತಡೆಯುವುದಿಲ್ಲ. ರಸ್ತೆಯ ಅಂಚಿನ ಒಂದು ಅಡಿ ಬಿಟ್ಟು ಓಡಿಸುವುದೇ ಅದಕ್ಕೆ ಮದ್ದು.

ಇನ್ನು ಅಂಗಡಿಯಲ್ಲಿ ಮಾಡಿಸುವ ಕೆಲಸ. ಅವರ ಬಾಯಲ್ಲಿ ‘ಓವರಾಯಿಲಿಂಗ್’. ಎದುರಿಗೆ ನಿಂತು ಮಾಡಿಸಿ. ಹಳೇ ಗ್ರೀಸು ಗಟ್ಟಿಯಾಗಿ ಮೇಣವಾಗಿರುತ್ತದೆ. ಮೇಲಿನಿಂದ ಎಣ್ಣೆ ಬಿಟ್ಟರೆ ಆಗದು, ಬಿಚ್ಚಿ, ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ತೊಳೆದು, ಹೊಸ ಗುಂಡು ಹಾಕಿ ಗ್ರೀಸು ತುಂಬಬೇಕು. ಮುಂದಿನ ಚಕ್ರದ ನಡುವಿನ ಹಬ್ಬಿಗೆ ಪ್ರತಿ ಬದಿಗೆ ಸಾಮಾನ್ಯವಾಗಿ 10 ಸಣ್ಣ ಗುಂಡು, ಹಿಂದಿನದಕ್ಕೆ 9 ದೊಡ್ಡವು, ಪೆಡಲಿನ ಎಕ್ಸೆಲ್ಲಿಗೆ ಬದಿಗೆ 11. ಹಳೆಯವು ಎಷ್ಟಿದ್ದವು ಎಣಿಸಿಕೊಳ್ಳಿ, ಅಷ್ಟೇ ವಾಪಸ್ ಹೋಗಬೇಕು. ಎಕ್ಸೆಲ್ಲಿನ ಮೇಲೆ ಕೂತು ಗುಂಡು ಹಿಡಿಯುವ ಕೋನಿನ ಮೇಲೆ ಅವು ಓಡಿದ ದಾರಿಯಲ್ಲಿ ಚುಕ್ಕಿ ಚುಕ್ಕಿ ತೆಗ್ಗು ಬಿದ್ದಿದ್ದರೆ ಕೋನನ್ನೂ ಬದಲಿಸಿ.

ಹಬ್ಬು ಸರಿ ಕೂತಿದೆಯೋ ಇಲ್ಲವೋ ನೋಡಲು ಮೀಟರು ಬೇಡ. ಚಕ್ರ ನೆಲದಿಂದ ಎತ್ತಿ, ವಾಲ್ ಅನ್ನು ಗಡಿಯಾರದ ಮೂರು ಗಂಟೆಯ ಜಾಗಕ್ಕೆ ತಂದು ಕೈ ಬಿಡಿ. ಆ ಒಂದು ವಾಲ್‌ನ ಭಾರಕ್ಕೇ ಚಕ್ರ ತಾನಾಗಿ ತಿರುಗಿ, ವಾಲ್ ಕೆಳಗೆ ಬಂದು, ಆಚೆ ಈಚೆ ತೂಗಿ ನಿಲ್ಲಬೇಕು. ನಿಂತಲ್ಲೇ ನಿಂತರೆ ಕೋನು ಬಿಗಿ. ಆಮೇಲೆ ರಿಮ್ಮು ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಕಟಕಟ ಅಂದರೆ ಸಡಿಲು. ಎರಡರ ನಡುವೆ ಸಿಗುವವರೆಗೆ ಪಾನಾ ಆಡಬೇಕು. ಒಳ್ಳೆಯ ಮೇಸ್ತ್ರಿಗೆ ಎರಡೇ ನಿಮಿಷ.

ಚೈನು ತುಕ್ಕು ಹಿಡಿದು ಮಡಚಿಕೊಂಡಿದ್ದರೆ ಹೊಸದು ಹಾಕಿ. ಬಳುಕುತ್ತಿದ್ದರೆ ಅಳೆಯಿರಿ: ಪಿನ್ನಿನಿಂದ ಪಿನ್ನಿಗೆ 24 ಕೊಂಡಿ ಸರಿಯಾಗಿ 12 ಇಂಚು ಇರಬೇಕು. ⅛ ಇಂಚು ಹೆಚ್ಚಾಗಿದ್ದರೆ ಚೈನು ಸವೆದಿದೆ, ಹಲ್ಲುಗಳನ್ನೂ ತಿನ್ನುತ್ತದೆ. ಗಾಡಿಯಿಂದ ತೆಗೆದ ಕರಿ ಆಯಿಲ್ ಸುರಿಯುವ ಅಭ್ಯಾಸ ಬಿಡಿ. ಅದರಲ್ಲಿ ಇಂಜಿನ್ನಿನ ಕೊಳೆ ಇರುತ್ತದೆ, ಮೇಲೆ ನಮ್ಮ ಧೂಳು ಕೂತು ಮಸೆಯುವ ಪುಡಿಯಾಗುತ್ತದೆ. ಹೊಸ ಇಂಜಿನ್ ಆಯಿಲ್ಲನ್ನು ಒಂದೊಂದು ಕೊಂಡಿಗೆ ಒಂದೊಂದು ಹನಿ ಬಿಟ್ಟು, ಹತ್ತು ಸಲ ಪೆಡಲ್ ಹಿಂದಕ್ಕೆ ತಿರುಗಿಸಿ, ಹೊರಗಿನದನ್ನು ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ಎಣ್ಣೆ ಬೇಕಾದದ್ದು ಒಳಗೆ, ಹೊರಗೆ ಉಳಿದರೆ ಧೂಳಿಗೆ ಅಂಟು.

ಮೊಣಕಾಲಿನ ವಿಷಯಕ್ಕೆ ಬರೋಣ, ಇದು ಸೈಕಲ್ಲಿನ ಯಾವ ಭಾಗಕ್ಕಿಂತ ಮುಖ್ಯ. ನಮ್ಮಲ್ಲಿ ಎರಡೂ ಪಾದ ನೆಲಕ್ಕೆ ಊರುವಂತೆ ಸೀಟು ಇಳಿಸಿಕೊಳ್ಳುತ್ತಾರೆ. ಹಾಗೆ ಕೂತು ತುಳಿದರೆ ಮೊಣಕಾಲು ಪ್ರತಿ ಸುತ್ತಿಗೂ ಪೂರ್ತಿ ಮಡಚಿಕೊಂಡೇ ಒತ್ತಡ ಹೊರುತ್ತದೆ. ಮೆಟ್ಟಿಲು ಹತ್ತಿದರೆ ನೋಯುವ ಚಿಪ್ಪಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಗೋಡೆ ಹಿಡಿದು ಸೀಟಿನ ಮೇಲೆ ನೆಟ್ಟಗೆ ಕೂತು, ಪೆಡಲ್ ಅತಿ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಡಿ. ಆಗ ಕಾಲು ನೆಟ್ಟಗಾಗಬೇಕು. ಓಡಿಸುವಾಗ ಬೆರಳ ಬುಡ ಪೆಡಲಿನ ಮೇಲೆ ಬರುವುದರಿಂದ ಮೊಣಕಾಲು ತುಸು ಮಡಚಿಯೇ ಇರುತ್ತದೆ. ನಿಂತಾಗ ಕಾಲ ತುದಿ ಮಾತ್ರ ನೆಲ ಮುಟ್ಟುತ್ತದೆ. ನಾಲ್ಕು ದಿನ ಅಂಜಿಕೆ, ಆಮೇಲೆ ರೂಢಿ. ನಿಮ್ಮ ಎತ್ತರಕ್ಕೆ ಮಗಳ ಸೈಕಲ್ಲಿನ ಸೀಟಿನ ಪೈಪು ಗಿಡ್ಡವಾಗಬಹುದು. ಉದ್ದದ್ದು ಸಿಗುತ್ತದೆ, ಹಳೆಯದನ್ನು ಒಯ್ದು ದಪ್ಪ ಹೊಂದಿಸಿ ತನ್ನಿ. ಎರಡೂವರೆ ಇಂಚಾದರೂ ಫ್ರೇಮಿನ ಒಳಗಿರಲಿ, ಇಲ್ಲದಿದ್ದರೆ ನಿಮ್ಮ ತೂಕಕ್ಕೆ ಫ್ರೇಮಿನ ಬಾಯಿ ಸೀಳುತ್ತದೆ. ವಾರ ಕಳೆದ ಮೇಲೆ ನೋವು ಮೊಣಕಾಲಿನ ಮುಂದೆ ಬಂದರೆ ಸೀಟು ಅರ್ಧ ಇಂಚು ಏರಿಸಿ, ಹಿಂದೆ ಬಂದರೆ ಇಳಿಸಿ. ಮೊಣಕಾಲು ಬಾತರೆ ಸೈಕಲ್ ಬಿಟ್ಟು ವೈದ್ಯರಿಗೆ ತೋರಿಸಿ.

ಗೇರಿಲ್ಲದೆಯೂ ತುಳಿತ ಹಗುರ ಮಾಡಬಹುದು. ಹಲ್ಲು ಎಣಿಸಿ: ಮುಂದೆ 44, ಹಿಂದೆ 18 ಇರುವುದೇ ಹೆಚ್ಚು. ಅಂದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 5 ಮೀಟರು ಹೋಗುತ್ತದೆ. ಹಿಂದಿನ ಫ್ರೀವೀಲ್ 20 ಹಲ್ಲಿನದು ಹಾಕಿಸಿದರೆ ನಾಲ್ಕೂವರೆ ಮೀಟರು. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 16 ಕಿಲೋಮೀಟರು ಬರುತ್ತದೆ, ನಿಮ್ಮ 8 ಕಿಲೋಮೀಟರಿಗೆ ಅರ್ಧ ಗಂಟೆ, ಸಿಗ್ನಲ್ಲು ಗಿಗ್ನಲ್ಲು ಸೇರಿ 35-40 ನಿಮಿಷ. ಚೈನು ಉದ್ದ ಮಾಡಬೇಕಿಲ್ಲ. ಚಕ್ರವನ್ನು ಕಾಲು ಇಂಚು ಮುಂದಕ್ಕೆ ಸರಿಸಿದರೆ ಹೊಂದುತ್ತದೆ. ಹೊಂದಿಸಿದ ಮೇಲೆ ಚೈನು ನಡುವೆ ಬೆರಳಿಟ್ಟರೆ ಒಂದರಿಂದ ಒಂದೂವರೆ ಸೆಂಟಿಮೀಟರು ಆಡಬೇಕು.

ಈ ಹಗುರ ಗೇರು ಬೇಕಾಗುವುದು ಏರಿಗಿಂತ ಗಾಳಿಗೆ. ಜೂನ್‌ನಿಂದ ಸೆಪ್ಟೆಂಬರಿನ ತನಕ ನಮ್ಮ ಕಡೆ ಗಾಳಿ ಪಡುವಣದಿಂದ, ನೈಋತ್ಯದಿಂದ ಬೀಸುತ್ತದೆ. ನೀವು ಮುಂಜಾನೆ ಹೋಗುವುದು ಊರಿನ ದಕ್ಷಿಣ ಬದಿಯಿಂದ ಈಶಾನ್ಯಕ್ಕೆ, ಗಾಳಿ ಬೆನ್ನಿಗೆ. ಮಿಲ್ಲು ಮುಟ್ಟಿದಾಗ ಇಷ್ಟೇನಾ ಅನ್ನಿಸುತ್ತದೆ. ಸಂಜೆ ಅದೇ ಗಾಳಿ ಎದೆಗೆ. ಹತ್ತು ನಿಮಿಷ ಹೆಚ್ಚು ಹಿಡಿಯಿರಿ, ಪೈಪೋಟಿ ಮಾಡದೆ ನಿಧಾನ ಬನ್ನಿ.

ನಿಮ್ಮ ದಾರಿಗೆ ಇನ್ನೊಂದು ಕುತ್ತಿದೆ. ಬೇಸಿಗೆಯಲ್ಲಿ ಮುಂಜಾನೆ ಸೂರ್ಯ ಎದುರಿಗೆ, ಸಂಜೆ ಮರಳುವಾಗಲೂ ಎದುರಿಗೇ. ನಿಮ್ಮ ಕಣ್ಣು ಕುಕ್ಕುವುದು ಇರಲಿ, ಹಿಂದಿನಿಂದ ಬರುವ ಲಾರಿಯವನ ಕಣ್ಣಿಗೂ ಅದೇ ಬೆಳಕು ಹೊಡೆಯುತ್ತಿರುತ್ತದೆ, ಅವನಿಗೆ ನೀವು ಕಾಣುವುದೇ ಇಲ್ಲ. ಅದಕ್ಕೇ ಹಗಲಲ್ಲೂ ಹಿಂದೆ ಮಿಣುಕುವ ಕೆಂಪು ದೀಪ ಹಚ್ಚಿಕೊಂಡೇ ಹೋಗಿ, ಹಿಂದಿನ ಮಡಗಾರ್ಡಿಗೆ ಹೊಳೆಯುವ ಟೇಪು ಅಂಟಿಸಿ, ತಿಳಿ ಬಣ್ಣದ ಅಂಗಿ ಹಾಕಿ. ಚಳಿಗಾಲದಲ್ಲಿ 6ಕ್ಕೆ ಬಿಟ್ಟರೆ ದಾರಿಯಲ್ಲೇ ಕತ್ತಲಾಗುತ್ತದೆ, ಮುಂದೆಯೂ ದೀಪ ಬೇಕು. ರಿಂಗ್ ರಸ್ತೆ ಅಗಲವಿದೆ ಎಂದು ಅದನ್ನು ಹಿಡಿಯಬೇಡಿ. ಅಲ್ಲಿ ಲಾರಿಗೂ ನಿಮಗೂ ವೇಗದ ಅಂತರ ಬಹಳ. ಊರೊಳಗೆ ಜಗತ್ ವೃತ್ತ, ಸೂಪರ್ ಮಾರ್ಕೆಟ್ ಕಡೆ ಗದ್ದಲವಿದ್ದರೂ ಎಲ್ಲರೂ ನಿಮ್ಮ ವೇಗದಲ್ಲೇ ಇರುತ್ತಾರೆ, ಎಂಟೂವರೆಯ ಸುಮಾರಿಗೆ ದಾಟಿದರೆ ಸಲೀಸು. ಹುಮನಾಬಾದ್ ರಸ್ತೆಗೆ ಬಂದ ಮೇಲೆ ಡಾಂಬರಿನ ಅಂಚಿನಿಂದ ಕೆಳಗಿಳಿದುಬಿಟ್ಟರೆ ಓಡಿಸುತ್ತಲೇ ಓರೆಯಾಗಿ ಮೇಲೆ ಹತ್ತಲು ಹೋಗಬೇಡಿ. ಅಂಚು ಟೈರನ್ನು ಹಿಡಿದು ರಸ್ತೆಯ ಕಡೆಗೇ ಕೆಡವುತ್ತದೆ. ನಿಂತು, ಇಳಿದು, ಎತ್ತಿ ಇಡಿ.

ಮಳೆಗಾಲದಲ್ಲಿ ಆ ಅಂಚಿನ ಎರಿ ಮಣ್ಣಿಗೆ ಇಳಿಯಲೇಬಾರದು. ಹತ್ತು ಮಾರು ಹೋಗುವಷ್ಟರಲ್ಲಿ ಟೈರಿಗೂ ಮಡಗಾರ್ಡಿಗೂ ನಡುವೆ ಮೆತ್ತಿಕೊಂಡು ಚಕ್ರವೇ ನಿಲ್ಲುತ್ತದೆ. ಒಂದು ಕಡ್ಡಿ ಜೊತೆಗಿರಲಿ, ಹಸಿಯಿರುವಾಗಲೇ ಕೆರೆದುಬಿಡಿ, ಒಣಗಿದರೆ ಕಲ್ಲು. ಬ್ರೇಕು ಕೂಡ ಮಳೆಯಲ್ಲಿ ಬೇರೆಯೇ. ಹೊಳೆಯುವ ಉಕ್ಕಿನ ರಿಮ್ಮು ತೊಯ್ದರೆ ಸೈಕಲ್ ನಿಲ್ಲಲು ಒಣಗಿದ್ದಾಗಿನ ದುಪ್ಪಟ್ಟಿಗಿಂತ ಹೆಚ್ಚು ದೂರ ಬೇಕಾಗುತ್ತದೆ. ವೃತ್ತ ಬರುವ ಮೊದಲೇ ಹಗುರವಾಗಿ ಹಿಡಿದು ನೀರು ಒರೆಸಿಕೊಳ್ಳಿ, ಆಮೇಲೆ ಗಟ್ಟಿ ಹಿಡಿಯಿರಿ. ಹಳೇ ಬ್ರೇಕ್ ರಬ್ಬರು ಗಾಜಿನಂತೆ ಗಟ್ಟಿಯಾಗಿರುತ್ತದೆ, ನಾಲ್ಕೂ ಹೊಸದು ಹಾಕಿಸಿ. ಬಲಗೈಯ ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಮುಂದಕ್ಕೆ ನೂಕಿದರೆ ಹಿಂದಿನ ಚಕ್ರ ಏಳಬೇಕು. ಏಳದಿದ್ದರೆ ಅಂಗಡಿಯಿಂದ ಹೊರಡಬೇಡಿ.

ಬೇಸಿಗೆ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳಿಗೆ ಏಪ್ರಿಲ್-ಮೇನಲ್ಲಿ ಮುಂಜಾನೆ 8ರಿಂದ ಮಧ್ಯಾಹ್ನ 1.30ರ ವೇಳೆ ಮಾಡುತ್ತಾರಲ್ಲ, ಅದು ಸೈಕಲ್ಲಿನವರಿಗೆ ಒಳ್ಳೆಯದಲ್ಲ, ಬಿಡುವ ಹೊತ್ತು ನಡು ಬಿಸಿಲು. ನಿಮ್ಮ 9ರಿಂದ 6ರ ಪಾಳಿಯೇ ವಾಸಿ. 8.15ಕ್ಕೆ ಮನೆ ಬಿಡಿ, ಸಂಜೆ ಆರೂವರೆಗೆ ಮಿಲ್ಲು ಬಿಡಿ. 11ರಿಂದ 4ರ ನಡುವೆ ಯಾವ ಕಾರಣಕ್ಕೂ ಬೇಡ. ಹೊರಡುವ ಮುಂಚೆ ಎರಡು ಲೋಟ ನೀರು, ಜೊತೆಗೆ ಮುಕ್ಕಾಲು ಲೀಟರು, ಕೊರಳಿಗೆ ಹಸಿ ಮಾಡಿದ ದಸ್ತಿ. ಮಿಲ್ಲು ಮುಟ್ಟಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ. ಬಹಳ ಬೆವರಿದ ದಿನ ಒಂದು ಲೀಟರು ನೀರಿಗೆ ಆರು ಚಹಾ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು. ತಲೆ ಸಿಡಿತ, ವಾಕರಿಕೆ, ಬಿಸಿಲಲ್ಲೂ ಮೈ ಜುಮ್ಮೆನ್ನುವುದು ಇವುಗಳಲ್ಲಿ ಯಾವುದು ಬಂದರೂ ಇಳಿದು ನೆರಳಿಗೆ ಹೋಗಿ ತಲೆ, ಕೊರಳಿಗೆ ನೀರು ಸುರಿದುಕೊಳ್ಳಿ. ಬೆವರು ನಿಂತು ಮಾತು ತೊದಲಿದರೆ 108ಕ್ಕೆ ಕರೆ ಮಾಡಬೇಕಾದ ಸ್ಥಿತಿ. ಬಿ.ಪಿ. ಅಥವಾ ಹೃದಯದ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ವೈದ್ಯರನ್ನು ಕೇಳಿ. ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವವರಿಗೆ ಬಿಸಿಲಲ್ಲಿ ನೀರಿನಂಶ ಬೇಗ ಇಳಿಯುತ್ತದೆ. ಮೇ ತಿಂಗಳ ಕೆಟ್ಟ ವಾರಗಳಲ್ಲಿ ಗಾಡಿ ಹತ್ತಿದರೆ ಸೋತಂತಲ್ಲ.

ಬ್ಯಾಟರಿ ಮೋಟರಿನ ಕಿಟ್ ಹಾಕಿಸುವ ಆಸೆ ಹುಟ್ಟಿದರೆ ಈ ಫ್ರೇಮಿಗೆ ಬೇಡ. ಮೋಟರು 250 ವ್ಯಾಟಿನೊಳಗೆ, ವೇಗ 25 ಕಿಲೋಮೀಟರಿನೊಳಗೆ ಇದ್ದರೆ ನೋಂದಣಿ, ಲೈಸೆನ್ಸು ಬೇಡವೆಂಬುದು ನಿಜ. ಆದರೆ ಹಬ್ಬಿನ ಮೋಟರು ಎಕ್ಸೆಲ್ಲನ್ನೇ ತಿರುಚುತ್ತದೆ, ಎಕ್ಸೆಲ್ ಕೂರುವ ಹಳೇ ತೆಳು ತಗಡಿನ ಕಚ್ಚು ಬಾಯಿ ಬಿಡುತ್ತದೆ.

ರಿಪೇರಿ ಮುಗಿದ ಮೊದಲ ಭಾನುವಾರ ಖಾಲಿ ರಸ್ತೆಯಲ್ಲಿ ಒಮ್ಮೆ ಮಿಲ್ಲಿನ ತನಕ ಹೋಗಿ ಬನ್ನಿ. ಮೊದಲ ಎರಡು ವಾರ ದಿನ ಬಿಟ್ಟು ದಿನ, ಮೂರನೇ ವಾರದಿಂದ ದಿನಾ. ಕ್ರ್ಯಾಂಕನ್ನು, ಅಂದರೆ ಪೆಡಲಿನ ತೋಳನ್ನು, ಎಕ್ಸೆಲ್ಲಿಗೆ ಹಿಡಿಸುವ ಕಾಟರ್ ಪಿನ್ ಹೊಸದು ಹಾಕಿಸಿದ್ದರೆ 50 ಕಿಲೋಮೀಟರಿಗೆ, ಅಂದರೆ ಮೂರನೇ ದಿನದ ಓಡಾಟದ ಹೊತ್ತಿಗೆ, ಅದು ಒಳಗೆ ಕೂತು ನಟ್ಟು ಸಡಿಲಾಗುತ್ತದೆ. ಪೆಡಲ್ ಒತ್ತಿದಾಗಲೆಲ್ಲ ‘ಟಕ್’ ಅನ್ನುವುದು ಅದೇ. ಬರೀ ನಟ್ಟು ಬಿಗಿದರೆ ಎಳೆ ಹೋಗುತ್ತದೆ. ಕ್ರ್ಯಾಂಕಿನ ಕೆಳಗೆ ಕಟ್ಟಿಗೆಯ ಆಸರೆ ಕೊಟ್ಟು, ಪಿನ್ನಿನ ದಪ್ಪ ತಲೆಗೆ ಸುತ್ತಿಗೆಯಿಂದ ಎರಡು ಪೆಟ್ಟು ಕೊಟ್ಟು ಕೂರಿಸಿ, ಆಮೇಲೆ ನಟ್ಟು ಬಿಗಿಸಿ. ಆ ಸದ್ದು ಕೇಳಿಯೂ ಹಾಗೇ ತುಳಿದರೆ ವಾರದಲ್ಲಿ ಪಿನ್ನಿನ ಜೊತೆ ಎಕ್ಸೆಲ್ಲೂ ಕೆಡುತ್ತದೆ.